ಎಂಟು ಸಾವಿರದ ಐನೂರು ಮೈಲಿ

ಅನಂತಪದ್ಮನಾಭ ಮೇಷ್ಟ್ರು ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ಹತ್ತುವುದಿರಲಿ, ನೆಲದ ಮೇಲೆ ನಿಂತ ವಿಮಾನವನ್ನು ಕಂಡವರೂ ಅಲ್ಲ. ಆದರೂ ತರೀಕೆರೆಯಲ್ಲಿ ವಿಮಾನದ ವಿಚಾರ ಎದ್ದಿತೆಂದರೆ ಅವರ ಮಾತೇ ಕೊನೆಯ ಮಾತು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ. ಮೇಲೆ ಆಕಾಶದಲ್ಲಿ ಗುಂಯ್ ಎಂದು ಸದ್ದಾದರೆ ಪೇಟೆ ಬೀದಿಯ ಅಂಗಡಿಯವರು ಮೊದಲು ಆಕಾಶ ನೋಡುತ್ತಿದ್ದರು, ಆಮೇಲೆ ಮೇಷ್ಟ್ರ ಮುಖ ನೋಡುತ್ತಿದ್ದರು. ಮೇಷ್ಟ್ರು ಕೈಗಡಿಯಾರದ ಮೇಲೆ ಕಣ್ಣಾಡಿಸಿ, "ಮದ್ರಾಸಿಂದ ಬೊಂಬಾಯಿಗೆ. ಇನ್ನು ಒಂದು ಗಂಟೆ ಐದು ನಿಮಿಷಕ್ಕೆ ಇಳಿಯುತ್ತೆ" ಎನ್ನುವರು. ಇಳಿಯಿತೋ ಇಲ್ಲವೋ ಹೋಗಿ ನೋಡಿಕೊಂಡು ಬರುವವರು ಯಾರೂ ಇರಲಿಲ್ಲ.

ಈ ವಿದ್ಯೆಗೆಲ್ಲ ಬಂಡವಾಳ ಒಂದು ನೂಲು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಮೇಷ್ಟ್ರು ಮೇಣ ಹಚ್ಚಿದ ಒಂದು ದಾರಕ್ಕೆ ಗಂಟು ಹಾಕಿ ಜುಬ್ಬದ ಜೇಬಿನಲ್ಲಿ ಸದಾ ಇಟ್ಟುಕೊಂಡಿರುತ್ತಿದ್ದರು. ಗೋಡೆಯ ಮೇಲೆ ತೂಗುಹಾಕಿದ ಹಳೆಯ ಪ್ರಪಂಚದ ನಕ್ಷೆಯ ಅಳತೆಗೆ ಸರಿಯಾಗಿ, ಸಮಭಾಜಕ ವೃತ್ತದ ಮೇಲೆ ಹಿಡಿದು, ಐನೂರು ಮೈಲಿಗೊಂದು ಗಂಟು. ವಿಮಾನ ಗಂಟೆಗೆ ಐನೂರು ಮೈಲಿ ಹೋಗುತ್ತದೆ ಎಂದು ಇಟ್ಟುಕೊಂಡರೆ ಮುಗಿಯಿತು. ನಕ್ಷೆಯ ಮೇಲೆ ಎರಡು ಊರಿನ ನಡುವೆ ನೂಲು ಬಿಗಿ ಹಿಡಿಯುವುದು, ಗಂಟು ಎಣಿಸುವುದು, ಅಷ್ಟು ತಾಸಿನ ಪಯಣ ಎನ್ನುವುದು. ಮಕ್ಕಳಿಗೆ ಇದು ಗಾರುಡಿಯ ಹಾಗೆ ಕಾಣುತ್ತಿತ್ತು. ಊರಿನವರು ಅವರಿಗೆ ನೂಲು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಮೇಷ್ಟ್ರಿಗೂ ಆ ಹೆಸರು ಬೇಡವೆನ್ನಿಸಿರಲಿಲ್ಲ.

ಶಾಲೆಯಲ್ಲಿ ಗ್ಲೋಬು ಇರಲಿಲ್ಲವೇ ಎಂದರೆ, ದಾಸ್ತಾನು ಪುಸ್ತಕದಲ್ಲಿ ಇತ್ತು. ಬೀರುವಿನಲ್ಲಿ ಅದರ ಮರದ ಕಾಲು ಮಾತ್ರ ಉಳಿದಿತ್ತು. ಮೇಲಿನ ಭೂಮಂಡಲವನ್ನು ಮೇಷ್ಟ್ರು ಬರುವ ಮೊದಲೇ ಇಲಿಗಳು ತಿಂದು ಮುಗಿಸಿದ್ದವು. ಭೂಮಿ ದುಂಡಗಿದೆ ಎಂದು ವರ್ಷ ವರ್ಷ ಜೂನ್ ತಿಂಗಳಲ್ಲಿ ಮೊದಲ ಪಾಠವನ್ನೇ ಮಾಡುತ್ತಿದ್ದ ಈ ಮನುಷ್ಯ, ಜುಲೈ ಬರುವ ಹೊತ್ತಿಗೆ ಅದನ್ನು ಮರೆತು ಚಪ್ಪಟೆ ನಕ್ಷೆಯ ಮೇಲೆ ನೂಲು ಎಳೆಯುತ್ತಿದ್ದರು. ದುಂಡಗಿದ್ದದ್ದನ್ನು ಗೋಡೆಗೆ ಅಂಟಿಸಬೇಕಾದರೆ ಉತ್ತರದ ದೇಶಗಳನ್ನು ಎಳೆದು ಹಿಗ್ಗಿಸಿರುತ್ತಾರೆ, ಅಲ್ಲಿ ತನ್ನ ಗಂಟಿನ ಲೆಕ್ಕ ನಡೆಯುವುದಿಲ್ಲ ಎಂಬುದು ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ದಿನವೂ ಅವರ ತಲೆಗೆ ಹೊಳೆದಿರಲಿಲ್ಲ.

ಹೊಳೆಸಿದವಳು ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಷಣ್ಮುಖಪ್ಪನವರ ಮಗಳು ಮಲ್ಲಿಕಾಂಬ. ಆಗ ಅವಳು ಹತ್ತನೇ ಕ್ಲಾಸು.

ಎಪ್ಪತ್ತನಾಲ್ಕರ ಫೆಬ್ರವರಿ. ತಾಲ್ಲೂಕಿನ ಹೈಸ್ಕೂಲುಗಳಿಗೆಲ್ಲ ಸೇರಿಸಿ ತರೀಕೆರೆಯಲ್ಲಿ ಸಾಮಾನ್ಯ ಜ್ಞಾನದ ಸ್ಪರ್ಧೆ. ಮೊದಲು ಬಂದವರನ್ನು ಚಿಕ್ಕಮಗಳೂರಿಗೆ ಜಿಲ್ಲಾ ಸ್ಪರ್ಧೆಗೆ ಕಳಿಸುವುದು. ತೀರ್ಪುಗಾರರು ಅನಂತಪದ್ಮನಾಭ ಮೇಷ್ಟ್ರು. ಕೊನೆಯ ಪ್ರಶ್ನೆಯೊಂದನ್ನು ವಾರ ಮುಂಚೆಯೇ ಎಲ್ಲ ಶಾಲೆಗೂ ಕಳಿಸುವ ವಾಡಿಕೆ ಇತ್ತು. ಮಕ್ಕಳು ಮನೆಯಲ್ಲಿ ಮಾಡಿಕೊಂಡು ಬಂದು ಸಭೆಯ ಮುಂದೆ ವಿವರಿಸಬೇಕು. ಆ ಸಲದ ಪ್ರಶ್ನೆ ಇದು: ಲಂಡನ್ ವಿಮಾನ ನಿಲ್ದಾಣದಿಂದ ಅಮೆರಿಕದ ಆ ತುದಿಯ ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ನೇರ ದಾರಿಯಲ್ಲಿ ಎಷ್ಟು ಮೈಲಿ? ಗಂಟೆಗೆ ಐನೂರು ಮೈಲಿ ವೇಗದ ವಿಮಾನ ಎಲ್ಲೂ ಇಳಿಯದೆ ಹೋದರೆ ಎಷ್ಟು ತಾಸು?

ಸ್ಪರ್ಧೆ ಶುರುವಾಗುವ ಮುಂಚೆ ಷಣ್ಮುಖಪ್ಪ ಜಗುಲಿಯ ಮೇಲೆ ಮೇಷ್ಟ್ರನ್ನು ಕಂಡು ಕೈ ಮುಗಿದರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಮಾತಿನಲ್ಲಿ ಒಳಗೊಂದು ಹೊರಗೊಂದು ಇಲ್ಲದ ಮನುಷ್ಯ.

"ಮೇಷ್ಟ್ರೇ, ನಮ್ಮುಡುಗಿ ಓದ್ತೀನಿ ಓದ್ತೀನಿ ಅಂತ ಪ್ರಾಣ ತಿಂತಾಳೆ. ನಮ್ಮ ಮನೇಲಿ ಹೆಣ್ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿಲ್ಲ. ಹಿರೇನಲ್ಲೂರಿಂದ ಒಂದು ಒಳ್ಳೆ ಸಂಬಂಧಾನೂ ಬಂದೈತೆ. ನಾನೊಂದು ಮಾತು ಹೇಳಿದೀನಿ. ಇವತ್ತು ತಾಲ್ಲೂಕಿಗೆ ಮೊದ್ಲು ಬಂದ್ಲು ಅಂದ್ರೆ ಯಾರೇನೇ ಅನ್ಲಿ ಕಡೂರಿಗೆ ಪಿಯುಸಿಗೆ ಸೇರಿಸ್ತೀನಿ. ಇಲ್ಲಾಂದ್ರೆ ಬಂದೋರಿಗೆ ಮಾತು ಕೊಡ್ತೀನಿ. ತಿಳಿದೋರು ನೀವು, ನೋಡಿ ಹೇಳಿ."

"ಆಗಲಿ, ಆಗಲಿ, ನೋಡೋಣ" ಎಂದರು ಮೇಷ್ಟ್ರು. ಅಂದರೆ ಹುಡುಗಿಯ ಓದು ಈ ತೀರ್ಪಿನ ಮೇಲೆ ನಿಂತಿದೆ ಎಂದು ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಿಕೊಳ್ಳುವುದಕ್ಕೂ ದಾರಿ ಇರಲಿಲ್ಲ.

ಕೊನೆಯ ಪ್ರಶ್ನೆಯ ಹೊತ್ತಿಗೆ ಇಬ್ಬರು ಸಮಸಮ ನಿಂತಿದ್ದರು. ಒಬ್ಬ ತರೀಕೆರೆಯದೇ ಹುಡುಗ, ಇನ್ನೊಬ್ಬಳು ಮಲ್ಲಿಕಾಂಬ. ಹುಡುಗ ನಕ್ಷೆಯ ಮುಂದೆ ನಿಂತು ಮೇಷ್ಟ್ರು ಕಲಿಸಿದ ಹಾಗೆಯೇ ನೂಲು ಹಿಡಿದು, ಹದಿನೇಳು ಗಂಟು ಎಣಿಸಿ, "ಎಂಟು ಸಾವಿರದ ಐನೂರು ಮೈಲಿ, ಹದಿನೇಳು ಗಂಟೆ" ಎಂದ. ಮೇಷ್ಟ್ರು ತಲೆದೂಗಿದರು.

ಮಲ್ಲಿಕಾಂಬ ನಕ್ಷೆಯ ಹತ್ತಿರವೂ ಹೋಗಲಿಲ್ಲ. "ಐದು ಸಾವಿರದ ನಾನೂರು ಮೈಲಿ ಸಾರ್. ಹತ್ತಿರ ಹತ್ತಿರ ಹನ್ನೊಂದು ಗಂಟೆ" ಎಂದಳು.

"ಅದ್ಹೇಗಮ್ಮ ನಡುವೆ ಮೂರು ಸಾವಿರ ಮೈಲಿ ನುಂಗಿದೆ?"

"ಗಡಿಗೆ ಮೇಲೆ ಅಳೆದೆ ಸಾರ್. ಮನೇಲಿ ದುಂಡಗಿರೋ ಮಣ್ಣಿನ ಗಡಿಗೆ ಇತ್ತು. ಬೋರಲು ಹಾಕಿ, ತಳಾನೇ ಉತ್ತರ ಧ್ರುವ ಅಂತ ಇಟ್ಕೊಂಡು, ಸುಣ್ಣದ ಕಡ್ಡೀಲಿ ಗೆರೆ ಎಳ್ದು, ಪುಸ್ತಕ ನೋಡಿ ಎರಡೂ ಊರು ಗುರುತು ಹಾಕ್ದೆ. ಗಡಿಗೆ ಸುತ್ತಳತೆ ಇಪ್ಪತ್ತೈದು ಸಾವಿರ ಮೈಲಿ ಅಂತ ಲೆಕ್ಕ ಹಿಡ್ದೆ. ದಾರ ಬಿಗಿ ಹಿಡಿದ್ರೆ ಅದು ಅಡ್ಡಡ್ಡ ಹೋಗಲ್ಲ ಸಾರ್, ಮೇಲಕ್ಕೆ ಜಾರಿ ಗ್ರೀನ್‌ಲ್ಯಾಂಡ್ ಮೇಲೆ ಹೋಗ್ತದೆ."

ಸಭೆ ಮೇಷ್ಟ್ರ ಕಡೆ ನೋಡಿತು. ಮೇಷ್ಟ್ರಿಗೆ ಒಂದು ಕ್ಷಣ ಏನೋ ಅಳುಕಿತು. ಅಳುಕಿದ್ದು ನಿಜ, ಅದನ್ನು ಅವರು ಎಂದೂ ಮರೆಯಲಿಲ್ಲ. ಆದರೆ ಮುನ್ನೂರು ಜನ ಎದುರಿಗೆ ಕೂತಿದ್ದಾಗ ಅಳುಕನ್ನು ಯಾರು ಹೊರಗೆ ಬಿಡುತ್ತಾರೆ? ಅವರ ನಾಲಿಗೆಗೆ ಮೊದಲೇ ಮೊನಚು ಜಾಸ್ತಿ.

"ಲಂಡನ್ನಿಂದ ಪಡುವಣಕ್ಕೆ ಹೋಗೋ ವಿಮಾನ ಬಡಗಣಕ್ಕೆ ಯಾಕಮ್ಮ ಹೋಗುತ್ತೆ, ಹಿಮ ತಿನ್ನೋಕಾ? ಗಡಿಗೆ ಇರೋದು ಒಲೆ ಮೇಲಿಡೋಕೆ, ವಿಮಾನ ಹಾರಿಸೋಕಲ್ಲ. ಅದರಲ್ಲಿ ಅನ್ನ ಬೇಯಿಸೋದು ಕಲಿ, ಸಾಕು."

ಸಭೆ ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲಲು ಎರಡು ನಿಮಿಷ ಹಿಡಿಯಿತು. ಮಲ್ಲಿಕಾಂಬ ಸೆರಗಿನ ತುದಿ ಹಿಡಿದು ನಿಂತೇ ಇದ್ದಳು, ಕೂತುಕೋ ಎಂದು ಹೇಳುವವರೆಗೂ ನಿಂತಿದ್ದಳು. ಹಿಂದಿನ ಸಾಲಿನಲ್ಲಿದ್ದ ಷಣ್ಮುಖಪ್ಪ ತಲೆ ತಗ್ಗಿಸಿದವರು ಎತ್ತಲಿಲ್ಲ. ಮೊದಲ ಸ್ಥಾನ ತರೀಕೆರೆಯ ಹುಡುಗನಿಗೆ ಹೋಯಿತು.

ಎಂಟನೇ ದಿನ ಮೇಷ್ಟ್ರು ಕಡೂರಿಗೆ ಹೋಗಿದ್ದರು. ಅಲ್ಲಿ ಅವರ ಬಾಲ್ಯದ ಗೆಳೆಯ ವೆಂಕಟಸುಬ್ಬಯ್ಯ ಇದ್ದರು. ಲಕ್ಕವಳ್ಳಿ ಅಣೆಕಟ್ಟೆಯ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು, ಕೆಲಸ ಬಿಟ್ಟು ಮನೆಯಲ್ಲೇ ಇದ್ದರು. ಮೇಷ್ಟ್ರು ಕೂತವರೇ ಗಡಿಗೆಯ ಕಥೆ ಹೇಳಿದರು. ವಾರದಲ್ಲಿ ಅದನ್ನು ಹದಿನೈದು ಸಲ ಹೇಳಿ ಅದಕ್ಕೆ ಒಳ್ಳೆ ಹದ ಬಂದಿತ್ತು. ವೆಂಕಟಸುಬ್ಬಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇರಯ್ಯ ಅನಂತು, ನನ್ನ ಹತ್ರಾನೂ ಒಂದು ಗಡಿಗೆ ಇದೆ. ಆಫೀಸಿನ ಹಳೇ ಸಾಮಾನು ಹರಾಜಾದಾಗ ತಂದದ್ದು" ಎಂದು ಒಳಗಿನಿಂದ ಒಂದು ಗ್ಲೋಬನ್ನು ತಂದು ಮೇಜಿನ ಮೇಲಿಟ್ಟರು. "ನೋಡ್ತಿರು, ಕಾಫಿಗೆ ಹೇಳಿ ಬರ್ತೀನಿ."

ಮೇಷ್ಟ್ರು ಜೇಬಿನಿಂದ ನೂಲು ತೆಗೆದರು. ಆಟಕ್ಕೆ ತೆಗೆದದ್ದು. ಒಂದು ತುದಿಯನ್ನು ಲಂಡನ್ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಸ್ಯಾನ್‌ಫ್ರಾನ್ಸಿಸ್ಕೊ ಮೇಲೆ ಹಿಡಿದು ಎಳೆದರು. ನೂಲು ಅಡ್ಡಡ್ಡ ನಿಲ್ಲಲಿಲ್ಲ. ಕೈ ಬಿಗಿದಷ್ಟೂ ಮೇಲಕ್ಕೆ ಜಾರಿತು. ಜಾರಿ ಗ್ರೀನ್‌ಲ್ಯಾಂಡಿನ ಮೇಲೆ ಹೋಗಿ ಕೂತಿತು. ಬೆರಳಿನಿಂದ ಕೆಳಕ್ಕೆ ತಳ್ಳಿದರೆ ಉದ್ದ ಸಾಲದೆ ಬರುತ್ತಿತ್ತು. ಆಮೇಲೆ ಅದೇ ನೂಲನ್ನು ಗ್ಲೋಬಿನ ನಡುವಿಗೆ ಸುತ್ತಿ, ಸುತ್ತಳತೆಗೆ ಇಪ್ಪತ್ತೈದು ಸಾವಿರ ಎಂದು ಹಿಡಿದು ಲೆಕ್ಕ ಮಾಡಿದರು. ಐದು ಸಾವಿರದ ಮುನ್ನೂರ ಚಿಲ್ಲರೆ. ಇನ್ನೊಂದು ಸಲ ಮಾಡಿದರು. ಅಷ್ಟೇ ಬಂತು. ಅವಳು ನಿಂತಿದ್ದ ರೀತಿ, ಸೆರಗು ಹಿಡಿದ ಕೈ, ತಾನಾಡಿದ ಮಾತು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಇಪ್ಪತ್ತು ವರ್ಷ ಮಕ್ಕಳಿಗೆ ಸುಳ್ಳು ಕಲಿಸಿದ್ದೂ ಬಂತು.

ವೆಂಕಟಸುಬ್ಬಯ್ಯ ಕಾಫಿ ತರುವಷ್ಟರಲ್ಲಿ ನೂಲು ಜೇಬು ಸೇರಿತ್ತು.

"ಏನಾಯ್ತಯ್ಯ? ಹುಡುಗಿ ಸೋತಳೋ?"

"ಸೋತಳು" ಎಂದರು ಮೇಷ್ಟ್ರು.

ಆ ಒಂದು ಮಾತಿಗೆ ಅವರು ಆಮೇಲೆ ಎಷ್ಟು ಸಲ ತಮ್ಮನ್ನೇ ಬೈದುಕೊಂಡರೋ ಲೆಕ್ಕವಿಲ್ಲ. ಗೋಡೆ ನಕ್ಷೆಯ ಮುಂದೆ ತಪ್ಪಿದ್ದು ಅಜ್ಞಾನ, ಅದಕ್ಕೆ ಕ್ಷಮೆ ಉಂಟು. ಗ್ಲೋಬಿನ ಮುಂದೆ ಸೋತಳು ಎಂದದ್ದಕ್ಕೆ ಬೇರೆ ಹೆಸರು.

ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಹೊರಬಿದ್ದು ಬೀರೂರಿನ ತನಕ ಬಸ್ಸಿನಲ್ಲಿ ಬರುತ್ತ ಮನಸ್ಸು ಗಟ್ಟಿಮಾಡಿಕೊಂಡರು. ಕಾಲ ಮಿಂಚಿಲ್ಲ. ಚಿಕ್ಕಮಗಳೂರಿಗೆ ಹೋಗಬೇಕಾದ ಪಟ್ಟಿ ಇನ್ನೂ ತನ್ನ ಮೇಜಿನ ಡ್ರಾಯರಿನಲ್ಲೇ ಇದೆ, ತನ್ನ ಸಹಿಯೇ ಆಗಿಲ್ಲ. ಬೀರೂರಿನಲ್ಲಿ ರೈಲು ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಕಡೆ, ಇನ್ನೊಂದು ತರೀಕೆರೆಯ ಕಡೆ. ಅಜ್ಜಂಪುರದ ಗಾಡಿ ಹತ್ತುವುದು, ಷಣ್ಮುಖಪ್ಪನವರ ಮಂಡಿಗೆ ಹೋಗುವುದು, ನಿಮ್ಮ ಹುಡುಗಿಯೇ ಸರಿ, ನಾನೇ ತಪ್ಪು ಎಂದು ಹೇಳಿ ಬರುವುದು. ಇಷ್ಟೇ ಕೆಲಸ. ಅಜ್ಜಂಪುರಕ್ಕೇ ಟಿಕೆಟ್ಟು ತೆಗೆಸಿದರು ಕೂಡ.

ಪ್ಲಾಟ್‌ಫಾರಮ್ಮಿನ ಮೇಲೆ ತಾಲ್ಲೂಕು ಕಚೇರಿಯ ಗುಮಾಸ್ತ ಉಗ್ರಪ್ಪ ಸಿಕ್ಕ. ಉಗ್ರಪ್ಪನಿಗೆ ಹೆಸರಿಗೂ ಸ್ವಭಾವಕ್ಕೂ ಸಂಬಂಧವಿಲ್ಲ. ನಗುವುದಕ್ಕೂ ನಗಿಸುವುದಕ್ಕೂ ಹುಟ್ಟಿದವನು. ಜೊತೆಗೆ ಇನ್ನಿಬ್ಬರು ಇದ್ದರು.

"ಇವರೇ ಕಣ್ರೀ ನಾನು ಹೇಳ್ತಿದ್ದ ನೂಲು ಮೇಷ್ಟ್ರು. ಆ ಗಡಿಗೆ ಮಾತು ಒಂದ್ಸಲ ನಿಮ್ಮ ಬಾಯಲ್ಲೇ ಹೇಳಿ ಮೇಷ್ಟ್ರೇ, ನಾನು ಹೇಳಿದ್ರೆ ಆ ಸೊಗಸು ಬರಲ್ಲ."

ಮೇಷ್ಟ್ರು ಬಾಯಿ ತೆರೆದರು. ಇಲ್ಲಪ್ಪ, ಆ ಹುಡುಗಿ ಹೇಳಿದ್ದೇ ಸರಿ ಎಂದು ಹೇಳಲು ತೆರೆದ ಬಾಯಿ. ಆದರೆ ಮೂರು ಮುಖಗಳು ನಗುವುದಕ್ಕೆ ಸಿದ್ಧವಾಗಿ ಕಾಯುತ್ತಿದ್ದವು. ನಾಳೆ ಇದೇ ಉಗ್ರಪ್ಪ ಇದೇ ಪ್ಲಾಟ್‌ಫಾರಮ್ಮಿನಲ್ಲಿ, ಇಪ್ಪತ್ತು ವರ್ಷ ಭೂಗೋಳ ಹೇಳಿದ ಮೇಷ್ಟ್ರಿಗೆ ಒಂದು ಗಡಿಗೆ ಪಾಠ ಕಲಿಸಿತು ಎಂದು ಇಷ್ಟೇ ಸೊಗಸಾಗಿ ಹೇಳುತ್ತಾನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಹೀಗೆಂದು ಮೇಷ್ಟ್ರಿಗೆ ತಮ್ಮ ಮಾನದ ಚಿಂತೆ ಹತ್ತಿತು. ಹದಿನಾರು ವರ್ಷದ ಒಂದು ಹುಡುಗಿಯ ಮಾನ ಆಗಲೇ ಹೋಗಿತ್ತು, ಅದನ್ನು ಕಳೆದವರು ತಾವೇ ಎಂಬುದು ಆ ಹೊತ್ತಿಗೆ ಲೆಕ್ಕಕ್ಕೆ ಬರಲಿಲ್ಲ.

ಗಡಿಗೆಯ ಕಥೆ ಹೇಳಿದರು. ಸೊಗಸಾಗಿಯೇ ಹೇಳಿದರು. ಅಜ್ಜಂಪುರದ ಗಾಡಿ ಬಂತು, ನಿಂತಿತು, ಹೋಯಿತು. ಉಗ್ರಪ್ಪನ ಜೊತೆ ಮಾತಾಡುತ್ತ ತರೀಕೆರೆಯ ಗಾಡಿ ಹತ್ತಿದರು. ಮಾರನೇ ದಿನ ಪಟ್ಟಿಗೆ ಸಹಿ ಹಾಕಿ ಅಂಚೆಗೆ ಕೊಟ್ಟರು.

ಏಪ್ರಿಲಿನಲ್ಲಿ ಪರೀಕ್ಷೆ ಮುಗಿದ ಮೇಲೆ ಷಣ್ಮುಖಪ್ಪ ಮನೆಗೆ ಬಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಅವರು ಗೇಟು ತೆಗೆದದ್ದನ್ನು ಕಂಡೇ ಮೇಷ್ಟ್ರು ಎದ್ದು ನಿಂತರು. ಬಂದವರು ಲಗ್ನಪತ್ರಿಕೆಯ ಮೇಲೆ ವೀಳ್ಯದೆಲೆ ಅಡಿಕೆ ಇಟ್ಟು ಎರಡೂ ಕೈಯಲ್ಲಿ ಕೊಟ್ಟರು. ವರ ಹಿರೇನಲ್ಲೂರಿನ ತೀರ್ಥಪ್ಪ, ತೆಂಗು, ರಾಗಿ, ಸ್ವಂತ ಜಮೀನು.

"ನೀವು ಅವತ್ತು ಮುಲಾಜಿಲ್ಲದೆ ಹೇಳಿದ್ದೇ ಒಳ್ಳೇದಾಯ್ತು ಮೇಷ್ಟ್ರೇ. ಇಲ್ಲದಿದ್ರೆ ಮಗಳ ಮಾತು ಕಟ್ಕೊಂಡು ನಾನು ಸುಮ್ನೆ ಒಳ್ಳೆ ಸಂಬಂಧ ಕಳ್ಕೊತಿದ್ದೆ" ಎಂದರು. ಅದರಲ್ಲಿ ವ್ಯಂಗ್ಯ ಹುಡುಕಿದರೂ ಸಿಗಲಿಲ್ಲ.

ಮದುವೆಗೆ ಮೇಷ್ಟ್ರು ಹೋಗಲಿಲ್ಲ. ಪೇಪರು ತಿದ್ದುವ ನೆಪ ಹೇಳಿ ಹೆಂಡತಿ ಸರೋಜಮ್ಮನನ್ನು ಕಳಿಸಿದರು. ಅವರು ಬಂದು, "ಹುಡುಗಿ ಲಕ್ಷಣವಾಗಿದಾಳೆ ಕಣ್ರೀ. ಮೇಷ್ಟ್ರು ಬರಲಿಲ್ವಾ ಅಂತ ಎರಡು ಸಲ ಕೇಳಿದ್ಲು" ಎಂದರು. ಆ ರಾತ್ರಿ ಊಟ ಬೇಡವೆಂದ ಗಂಡನಿಗೆ ಬಿಸಿಲು ಬಡಿದಿರಬೇಕೆಂದು ಮಜ್ಜಿಗೆ ಮಾಡಿಕೊಟ್ಟರು.

ಮುಂದಿನ ವರ್ಷ ಮೇಷ್ಟ್ರು ಹಟ ಹಿಡಿದು ಶಾಲೆಗೆ ಹೊಸ ಗ್ಲೋಬು ತರಿಸಿದರು. ನೂಲಿನ ಗಂಟುಗಳನ್ನು ಬಿಚ್ಚಿದರು. ಅಂದಿನಿಂದ ಪ್ರತಿವರ್ಷ ಲಂಡನ್ನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಗ್ರೀನ್‌ಲ್ಯಾಂಡಿನ ಮೇಲೆ ದಾರಿ ತೋರಿಸಿ, ಚಪ್ಪಟೆ ನಕ್ಷೆಯನ್ನು ನಂಬಬಾರದು ಎಂದು ಕಲಿಸಿದರು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಈ ಪಾಠ ಕೇಳಿ, ಹಳ್ಳಿಗಾಡಿನಲ್ಲಿ ಇಷ್ಟು ಚೆನ್ನಾಗಿ ಕಲಿಸುವವರನ್ನು ಕಂಡಿಲ್ಲ ಎಂದು ವರದಿಯಲ್ಲಿ ಬರೆದರು. ಇದು ಅಜ್ಜಂಪುರದ ಒಬ್ಬ ಹುಡುಗಿ ಕಂಡುಕೊಂಡದ್ದು ಎಂದು ಹೇಳಲು ಪ್ರತಿವರ್ಷ ಒಂದು ಅವಕಾಶ ಬಂದೇ ಬರುತ್ತಿತ್ತು. ಪ್ರತಿವರ್ಷವೂ ಮೇಷ್ಟ್ರು ಅವಳ ಉತ್ತರವನ್ನು ತಮ್ಮದೆಂಬಂತೆ ಹೇಳಿ ಗಂಟೆ ಬಾರಿಸುವುದನ್ನು ಕಾಯುತ್ತಿದ್ದರು. ಒಂದು ತಪ್ಪನ್ನು ಮುಚ್ಚಲು ಹೋಗಿ ಕಳ್ಳತನವೂ ಕೈಗೆ ಹತ್ತಿತ್ತು. ಒಳಗೊಳಗೇ ನಾಚಿಕೆ ಸುಡುತ್ತಿತ್ತು, ಆದರೆ ಸುಡುವುದೇ ಪ್ರಾಯಶ್ಚಿತ್ತ ಎಂದುಕೊಂಡು ಹನ್ನೊಂದು ವರ್ಷ ಕಳೆದರು.

ಎಂಬತ್ತೈದರಲ್ಲಿ ಮೇಷ್ಟ್ರು ನಿವೃತ್ತರಾದರು. ಜೂನ್ ಕೊನೆಯ ಭಾನುವಾರ, ಸ್ಪರ್ಧೆ ನಡೆದಿದ್ದ ಅದೇ ಸಭಾಂಗಣದಲ್ಲಿ ಬೀಳ್ಕೊಡುಗೆ. ಓಬಳಪ್ಪನ ಮೈಕ್ ಸೆಟ್ಟು, ಹಾರ, ಶಾಲು, ಎಲ್ಲರಿಗೂ ಕೇಸರಿಬಾತು ಉಪ್ಪಿಟ್ಟು. ಸಮಿತಿಯ ಕಾರ್ಯದರ್ಶಿ ಇನ್ಯಾರು, ಉಗ್ರಪ್ಪ. ಈಗ ಅವನ ಕೂದಲು ನೆರೆತಿತ್ತು, ಕಥೆಗಳು ನೆರೆತಿರಲಿಲ್ಲ. ಮೈಕಿನ ಮುಂದೆ ನಿಂತು ಮೇಷ್ಟ್ರ ಹಾಸ್ಯಪ್ರಜ್ಞೆಯನ್ನು ಹೊಗಳುತ್ತ ಗಡಿಗೆಯ ಕಥೆಯನ್ನು ಎತ್ತಿಕೊಂಡೇಬಿಟ್ಟ. "ಅನ್ನ ಬೇಯಿಸೋದು ಕಲಿ, ಸಾಕು" ಎಂಬಲ್ಲಿಗೆ ಬರುವಾಗ ಸಭೆ ಹನ್ನೊಂದು ವರ್ಷದ ಹಿಂದೆ ನಕ್ಕಷ್ಟೇ ನಕ್ಕಿತು. ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡು ನೆಲ ನೋಡುತ್ತಿದ್ದರು.

ನಗು ಇಳಿಯುವಾಗ ಹೆಂಗಸರ ಕಡೆಯಿಂದ ಒಬ್ಬಾಕೆ ಎದ್ದು ಬಂದಳು. ಹಸಿರು ಸೀರೆ, ಹಣೆಯಲ್ಲಿ ತೆಳುವಾಗಿ ವಿಭೂತಿ, ಕೈ ಹಿಡಿದು ಹತ್ತು ವರ್ಷದ ಒಂದು ಹುಡುಗಿ. "ನಾನೆರಡು ಮಾತಾಡಬಹುದಾ?" ಎಂದು ಕೇಳಿ ಮೈಕಿನ ಮುಂದೆ ನಿಂತಳು.

"ಆ ಗಡಿಗೆ ಹುಡುಗಿ ನಾನೇ" ಎಂದಳು.

ಉಗ್ರಪ್ಪನ ನಗು ಅರ್ಧಕ್ಕೆ ನಿಂತಿತು. ಆಕೆ ಮಾತ್ರ ಮುಗುಳ್ನಗುತ್ತಿದ್ದಳು.

"ನಾನು ಮಲ್ಲಿಕಾಂಬ ಅಂತ, ಅಜ್ಜಂಪುರದ ಷಣ್ಮುಖಪ್ಪನವರ ಮಗಳು. ಈಗ ಹಿರೇನಲ್ಲೂರು. ನಮ್ಮ ಭಾವನ ಮಗ ಇದೇ ಸ್ಕೂಲಲ್ಲಿ ಓದೋದು, ಇವತ್ತಿನ ಸಮಾರಂಭದ ಕಾಗದ ಅವನು ತಂದ. ಮೇಷ್ಟ್ರನ್ನ ನೋಡಿ ನಮಸ್ಕಾರ ಮಾಡೋಣ ಅಂತ ಬಂದೆ. ಅವತ್ತು ನಂಗೆ ಬೇಜಾರಾಗಿತ್ತು, ಸುಳ್ಳು ಹೇಳಲ್ಲ. ಆಮೇಲೆ ಯೋಚ್ನೆ ಮಾಡ್ದೆ. ಅರೆಬರೆ ತಿಳ್ಕೊಂಡು ದೊಡ್ಡೋರ ಮುಂದೆ ಬಾಯಿ ಬಿಡಬಾರದು ಅಂತ ಮೇಷ್ಟ್ರು ಅವತ್ತು ಕಲಿಸಿದ್ರು. ಇವಳು ನನ್ನ ಮಗಳು ಅಂಬಮ್ಮ, ನಮ್ಮತ್ತೆ ಹೆಸರಿಟ್ಟಿದೀವಿ. ಲೆಕ್ಕದಲ್ಲಿ ಜೋರು. ಆದ್ರೆ ಕ್ಲಾಸಲ್ಲಿ ಕೈ ಎತ್ತಲ್ಲ. ಪೂರ್ತಿ ಗೊತ್ತಿಲ್ಲದೆ ಎತ್ತಬೇಡ, ನಿಮ್ಮಮ್ಮನ ಹಾಗೆ ನಗೆಪಾಟಲಾಗಬೇಡ ಅಂತ ನಾನೇ ಹೇಳಿಟ್ಟಿದೀನಿ. ಅಷ್ಟೇ, ಮೇಷ್ಟ್ರು ನೂರು ಕಾಲ ಬಾಳಲಿ."

ತಾಯಿ ಮಗಳು ಇಬ್ಬರೂ ಮೇಷ್ಟ್ರ ಕಾಲು ಮುಟ್ಟಿದರು. ಮೇಷ್ಟ್ರಿಗೆ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕೆನ್ನಿಸಿತು, ಎಳೆದುಕೊಳ್ಳಲಾಗಲಿಲ್ಲ. ಕೈ ಎತ್ತದ ಆ ಮಗುವಿನ ತಲೆಯ ಮೇಲೆ ಕೈ ಇಟ್ಟರು. ಇಷ್ಟು ವರ್ಷ ತಾನು ಒಬ್ಬಳಿಗೆ ಮಾತ್ರ ಕೆಡುಕು ಮಾಡಿದೆ ಎಂದುಕೊಂಡಿದ್ದರು.

ಅವರ ಸರದಿ ಬಂದಾಗ ಎದ್ದು ನಿಂತರು. ಈಗ ಹೇಳಬೇಕು ಎಂದುಕೊಂಡೇ ನಿಂತರು. ಕೈಯಲ್ಲಿ ಬರೆದುಕೊಂಡ ಕಾಗದ ಇತ್ತು. ಕಣ್ಣು ಕಾಗದಕ್ಕೆ ಬಿತ್ತು, ನಾಲಿಗೆ ಅದನ್ನೇ ಓದಿತು. ನನ್ನಿಂದ ಯಾರಿಗಾದರೂ ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಬೇಕು ಎಂಬ ಸಾಲೂ ಅದರಲ್ಲಿತ್ತು, ಎಲ್ಲ ಬೀಳ್ಕೊಡುಗೆಯಲ್ಲೂ ಇರುವ ಸಾಲು. ಓದಿ ಕೂತರು.

ಉಪ್ಪಿಟ್ಟು ಹಂಚುವ ಗಲಾಟೆಯಲ್ಲಿ ಮಲ್ಲಿಕಾಂಬ ಮಗಳ ಕೈ ಹಿಡಿದು ಹೊರಗೆ ಹೋದದ್ದು ಮೇಷ್ಟ್ರಿಗೆ ಕಾಣಿಸಿತು. ಕಡೂರಿನ ಬಸ್ಸಿಗೆ ಹೊತ್ತಾಗಿತ್ತು. ಮೇಷ್ಟ್ರು ಹಾರವನ್ನೂ ತೆಗೆಯದೆ ಹಿಂದೆ ಓಡಿದರು. ಗೇಟಿನ ಹತ್ತಿರ ಸಿಕ್ಕಳು.

"ಮಲ್ಲಿಕಾಂಬ, ಒಂದ್ನಿಮಿಷ ನಿಲ್ಲಮ್ಮ. ಅವತ್ತು ನೀನು ಹೇಳಿದ್ದೇ ಸರಿ."

"ಯಾವತ್ತು ಸಾರ್?"

"ಲಂಡನ್ ಲೆಕ್ಕ. ಐದು ಸಾವಿರದ ನಾನೂರು ಮೈಲಿ, ಹನ್ನೊಂದು ಗಂಟೆ. ನಂದೇ ತಪ್ಪು."

ಆಕೆ ನಕ್ಕಳು. "ಬಿಡಿ ಸಾರ್, ಈಗ್ಯಾಕೆ ಅದೆಲ್ಲ. ನನ್ನ ಸಮಾಧಾನಕ್ಕೆ ಹೇಳ್ತೀರಿ."

"ಸಮಾಧಾನಕ್ಕಲ್ಲ. ಗ್ಲೋಬಿನ ಮೇಲೆ ನಾನೇ ಅಳೆದು ನೋಡಿದೀನಿ. ದಾರ ಗ್ರೀನ್‌ಲ್ಯಾಂಡ್ ಮೇಲೇ ಹೋಯ್ತು. ನೀನು ಹೇಳಿದ ಹಾಗೇ."

ಮಲ್ಲಿಕಾಂಬ ಕೈಚೀಲವನ್ನು ನೆಲಕ್ಕೆ ಇಟ್ಟಳು. ನಗು ಹೋಗಿತ್ತು. "ಯಾವಾಗ ಅಳೆದ್ರಿ?"

ಈಚೆಗೆ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಆಕೆ ನಂಬುತ್ತಿದ್ದಳು, ಕೈ ಮುಗಿದು ಬಸ್ಸು ಹತ್ತುತ್ತಿದ್ದಳು.

"ಸ್ಪರ್ಧೆ ಆಗಿ ಎಂಟನೇ ದಿನ" ಎಂದರು.

ಆಕೆ ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟುತ್ತ ಎಣಿಸಿದಳು. "ನನ್ನ ವೀಳ್ಯಶಾಸ್ತ್ರ ಆಗಿದ್ದು ಹನ್ನೊಂದನೇ ದಿನ ಸಾರ್" ಎಂದಳು. "ಅಪ್ಪಾಜಿ ಹತ್ತು ದಿನ ಹಿರೇನಲ್ಲೂರಿಗೆ ಮಾತು ಕೊಟ್ಟಿರಲಿಲ್ಲ. 'ಮೇಷ್ಟ್ರು ದೊಡ್ಡ ಮನುಷ್ಯರು, ಇನ್ನೊಂದ್ಸಲ ನೋಡಿದ್ರೂ ನೋಡ್ತಾರೆ, ಹೇಳಿ ಕಳಿಸ್ತಾರೆ' ಅಂತ ಕಾದ್ರು. ನಾನೇ ಹೇಳ್ದೆ, ಇಲ್ಲ ಅಪ್ಪಾಜಿ, ನಂದೇ ತಪ್ಪಿರಬೇಕು, ಬಂದೋರಿಗೆ ಒಪ್ಕೊಳ್ಳಿ ಅಂತ."

ಮೇಷ್ಟ್ರಿಗೆ ಬೀರೂರಿನ ಪ್ಲಾಟ್‌ಫಾರಮ್ಮು ಕಣ್ಣಿಗೆ ಕಟ್ಟಿತು. ಅಜ್ಜಂಪುರದ ಗಾಡಿ ನಿಂತಿದ್ದು ಐದು ನಿಮಿಷ. "ನಂಗೆ ನಾಚಿಕೆ ಆಗುತ್ತಮ್ಮ" ಎಂದರು. "ಅವತ್ತಿಂದ ಒಂದು ದಿನಾನೂ ಬಿಟ್ಟಿಲ್ಲ ಅದು. ನಿನ್ನ ಕಾಲು ಹಿಡ್ಕೊಂಡ್ರೂ ತೀರಲ್ಲ."

"ನನ್ನ ಕಾಲು ಯಾಕೆ ಸಾರ್ ಹಿಡೀತೀರಿ?" ಎಂದಳು ಮಲ್ಲಿಕಾಂಬ. ದನಿ ಏರಿಸಲಿಲ್ಲ. "ನಗೋವಾಗ ಒಳಗಡೆ ಎಲ್ರೂ ಇದ್ರು. ಇವತ್ತೂ ಇದ್ರು, ಎಲ್ರೂ ನಕ್ರು, ನನ್ನ ಮಗಳು ಪಕ್ಕದಲ್ಲೇ ಕೂತು ಕೇಳಿದ್ಲು. ಇದನ್ನ ಮಾತ್ರ ಗೇಟ್ ಹತ್ರ ಹೇಳ್ತಿದೀರಿ."

ಮೇಷ್ಟ್ರು ತಿರುಗಿ ಸಭಾಂಗಣದೊಳಕ್ಕೆ ನಡೆದರು. ಓಬಳಪ್ಪ ಮೈಕಿನ ವಯರು ಸುತ್ತುತ್ತಿದ್ದ. "ಒಂದ್ಸಲ ಹಚ್ಚಪ್ಪಾ" ಎಂದರು. ಅವನು ಅವರ ಮುಖ ನೋಡಿ ಹಚ್ಚಿದ. ಎಲೆಯ ಮುಂದೆ ಕೂತಿದ್ದವರು ತಲೆ ಎತ್ತಿದರು. ಬಾಗಿಲಲ್ಲಿ ತಾಯಿ ಮಗಳು ಬಂದು ನಿಂತದ್ದು ಕಂಡಿತು.

"ಉಗ್ರಪ್ಪ ಹೇಳಿದ ಕಥೆ ಇದೆಯಲ್ಲ, ಅದರಲ್ಲಿ ಗಡಿಗೆ ಸರಿ, ಮೇಷ್ಟ್ರು ತಪ್ಪು" ಎಂದು ಶುರುಮಾಡಿದರು. ಯಾರೋ ನಕ್ಕರು. "ನಗಬೇಡಿ. ನಾನು ವರ್ಷ ವರ್ಷ ಕಲಿಸಿದ ಪಾಠ ಈ ಮಲ್ಲಿಕಾಂಬ ಹೇಳಿಕೊಟ್ಟದ್ದು. ನನಗದು ಎಂಟನೇ ದಿನವೇ ಗೊತ್ತಾಯ್ತು. ತಿದ್ದೋಕೆ ಕಾಲ ಇತ್ತು. ನನ್ನ ಮರ್ಯಾದೆ ಹೋಗುತ್ತೆ ಅಂತ ಬಾಯಿ ಮುಚ್ಕೊಂಡೆ. ಇವಳ ಓದು ನಿಂತಿದ್ದು ನನ್ನಿಂದ. ತಿಳಿಯದೆ ಆದ ತಪ್ಪಲ್ಲ ಇದು, ತಿಳಿದು ಮಾಡಿದ್ದು."

ಮೈಕಿನ ಹತ್ತಿರ ನಿಂತಿದ್ದ ಸಭೆಯ ಅಧ್ಯಕ್ಷರು ಪಕ್ಕದವರಿಗೆ, "ಎಂಥಾ ದೊಡ್ಡ ಗುಣ ನೋಡಿ. ಈ ಕಾಲದಲ್ಲಿ ಇಷ್ಟು ವಿನಯ ಎಲ್ಲಿದೆ?" ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಉಗ್ರಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದ. ಅವನ ಹಿಂದೆ ಇಡೀ ಸಭೆ ಎದ್ದಿತು.

"ಬೇಡ, ದಯವಿಟ್ಟು ಬೇಡ" ಎಂದರು ಮೇಷ್ಟ್ರು. ಅವರು ಬೇಡವೆಂದಷ್ಟೂ ಚಪ್ಪಾಳೆ ಹೆಚ್ಚಾಯಿತು. ಎಂಜಲು ಕೈಯವರು ಮಣಿಕಟ್ಟಿಗೆ ಮಣಿಕಟ್ಟು ಬಡಿದರು. ಸರೋಜಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಹನ್ನೊಂದು ವರ್ಷದ ನಾಚಿಕೆಯನ್ನು ತಂದು ಎಲ್ಲರ ಮುಂದೆ ಸುರಿದರೆ, ಅದನ್ನೂ ಇವರು ಬಾಚಿ ಹಾರ ಮಾಡಿ ಕೊರಳಿಗೆ ಹಾಕುತ್ತಿದ್ದರು.

ಬಾಗಿಲಲ್ಲಿ ಅಂಬಮ್ಮ ಒಳಗಿನವರನ್ನು ನೋಡಿ ತಾನೂ ಚಪ್ಪಾಳೆ ಹೊಡೆಯಲು ಕೈ ಎತ್ತಿದಳು. ಮಲ್ಲಿಕಾಂಬ ಬಗ್ಗಿ ಮಗಳ ಎರಡೂ ಕೈಗಳನ್ನು ಹಿಡಿದು ನಿಲ್ಲಿಸಿದಳು. ಕಿವಿಯಲ್ಲಿ ಏನೋ ಹೇಳಿದಳು. ಮಗು ಒಂದು ಸಲ ಮೇಷ್ಟ್ರ ಮುಖ ನೋಡಿ ಕೈ ಇಳಿಸಿತು. ತಾಯಿ ಮಗಳು ಬಸ್ ಸ್ಟ್ಯಾಂಡಿನ ಕಡೆ ಹೊರಟಾಗ ಒಳಗೆ ಚಪ್ಪಾಳೆ ಇನ್ನೂ ನಡೆದೇ ಇತ್ತು.